ಬಿಸಿ ಸಾಂಬಾರಿಗೆ ಕುರ್ಲಾದಿಂದ ಬಂದ ಓಕೆ

ಮಾನ್ಯ ಆಡಳಿತ ನಿರ್ದೇಶಕರೇ,

ತಮ್ಮ ಹೋಟೆಲಿನ ಫೋರ್ಟ್ ಶಾಖೆಯಲ್ಲಿ ಪಾತ್ರೆ ತೊಳೆಯುವ ಕಾಶವ್ವನ ಬಲಗೈ ಮೇಲೆ ಕುದಿಯುವ ಸಾಂಬಾರು ಬಿತ್ತು. ಬಿದ್ದದ್ದಕ್ಕೆ ಅವಳೇ ಹೊಣೆ ಎಂದು ತಾವು ತೀರ್ಪು ಕೊಟ್ಟಿರಿ, ಏಕೆಂದರೆ ನಮ್ಮ ಶಾಖೆಯ ಫೋನ್ ಗ್ರೂಪಿನಲ್ಲಿ ಸಾಂಬಾರು ಬರುತ್ತಿದೆ ಎಂಬ ಸಂದೇಶಕ್ಕೆ ಅವಳ ನಂಬರಿನಿಂದ ‘ಓಕೆ’ ಎಂಬ ಉತ್ತರ ಬಂದಿತ್ತು. ಸೋಮವಾರದಿಂದ ಅವಳು ಕೆಲಸಕ್ಕೆ ಬರುವುದು ಬೇಡವೆಂದೂ ತಾವು ಅದೇ ಗ್ರೂಪಿನಲ್ಲಿ ಇಂಗ್ಲಿಷಿನಲ್ಲಿ ತಿಳಿಸಿದಿರಿ. ಅದಕ್ಕೂ ‘ಓಕೆ’ ಬಂತು. ಈ ಎರಡು ಓಕೆಗಳ ಬಗ್ಗೆ ನನ್ನದೊಂದು ತಕರಾರಿದೆ.

ಗ್ರೂಪಿಗೇ ಬರೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಅಲ್ಲಿ ಏನು ಹಾಕಿದರೂ ತಮ್ಮ ಕಡೆಯಿಂದ ಒಂದು ಹೆಬ್ಬೆರಳು ಬರುತ್ತದೆ, ಅಲ್ಲಿಗೆ ಸಮಸ್ಯೆ ಮುಗಿದಂತೆ. ಹೆಬ್ಬೆರಳು ಒತ್ತಲಾಗದ ಕಡೆ ಇರಲಿ ಎಂದು ಈ ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಕಾರ್ಕಳ ಕಡೆಯವನು, ಆರ್ಡರ್ ಕೂಗುವುದು ನನ್ನ ಕಸುಬು. "ಎರಡು ಮಸಾಲೆ, ಒಂದು ಸಾದಾ, ಸಾದಾಕ್ಕೆ ಎಣ್ಣೆ ಕಡಿಮೆ ಮಾರಾಯಾ" ಎಂದು ನಾನು ಹೊರಗಿನಿಂದ ಕೂಗಿದರೆ ಒಳಗೆ ಕಾವಲಿಯ ಮುಂದಿರುವ ಕೊರಗಪ್ಪ "ಹಾಂ" ಅನ್ನುತ್ತಿದ್ದ. ಆ ಒಂದು ‘ಹಾಂ’ನಲ್ಲಿ ಅವನಿಗೆ ಕೇಳಿಸಿತೋ ಇಲ್ಲವೋ, ಮುನಿಸಿಕೊಂಡಿದ್ದಾನೋ, ಹಿಟ್ಟು ಮುಗಿಯುತ್ತಾ ಬಂತೋ, ಎಲ್ಲ ತಿಳಿಯುತ್ತಿತ್ತು. ಅಡುಗೆಮನೆಯ ಓಣಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಬೇಕು. ಅದಕ್ಕೆ ಬಿಸಿ ಪಾತ್ರೆ ಹೊತ್ತವನು "ಬಿಸೀ..." ಎಂದು ಕೂಗುತ್ತಾ ಬರುವುದು ನಮ್ಮ ಪದ್ಧತಿ. ಯಾರೂ ತಿರುಗಿ ನೋಡುವುದಿಲ್ಲ, ಮೈ ತಾನಾಗಿ ಪಕ್ಕಕ್ಕೆ ಸರಿಯುತ್ತದೆ. ಬಿಹಾರದಿಂದ ಬಂದವರೂ ನಮ್ಮಲ್ಲಿ ಮೊದಲು ಕಲಿಯುವ ಕನ್ನಡ ಅದೇ.

ಆಮೇಲೆ ಕಾಂದಿವಲಿಯ ಪ್ರಧಾನ ಕಚೇರಿಯಿಂದ ‘ಶಾಂತ ಅಡುಗೆಮನೆ’ ಯೋಜನೆ ಬಂತು. ಟೈ ಕಟ್ಟಿದವರೊಬ್ಬರು ಬಂದು, ಕೂಗಾಟದಿಂದ ಗಿರಾಕಿಗಳ ಮನಸ್ಸು ಕದಡುತ್ತದೆ, ಇನ್ನು ಮುಂದೆ ದೈನಂದಿನ ಮಾತುಕತೆ ಎಲ್ಲವೂ ಗ್ರೂಪ್ ಚಾಟಿನಲ್ಲೇ ಎಂದು ಬೋಧಿಸಿದರು. ಹೊರಗೆ ಫೋರ್ಟಿನ ರಸ್ತೆಯಲ್ಲಿ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದುದರಿಂದ ಶಾಂತಿಯ ಬಗ್ಗೆ ಅವರು ಹೇಳಿದ್ದರಲ್ಲಿ ಅರ್ಧ ನಮಗೆ ಕೇಳಿಸಲಿಲ್ಲ. ಕೇಳಿಸಿದ್ದು ಇಷ್ಟು: ಕೂಗಿದವರ ಹೆಸರೂ, ಸಂದೇಶಕ್ಕೆ ಕೂಡಲೇ ಓಕೆ ಹೇಳದವರ ಹೆಸರೂ ಕೆಂಪಕ್ಷರದಲ್ಲಿ ಗ್ರೂಪಿನಲ್ಲಿ ಮೂಡುತ್ತದೆ.

ಗ್ರೂಪೇ ಬೇಡವೆಂಬ ಹಟ ನನಗಿಲ್ಲ. ಹಾರ್ಬರ್ ಲೈನಿನ ಲೋಕಲ್ ರೈಲು ನಿಂತಿದ್ದರೆ ಅದರಿಂದಲೇ ಗೊತ್ತಾಗುತ್ತದೆ. ರಜೆ ಬೇಕಾದವನು ಮ್ಯಾನೇಜರರ ಮುಖ ನೋಡದೆಯೇ ಕೇಳಬಹುದು, ಅದು ಸಣ್ಣ ಸುಖವಲ್ಲ. ಆದರೆ ಕಾಶವ್ವನ ಕೈ ಬೆಳಗಿನಿಂದ ಸಂಜೆಯವರೆಗೆ ಸೋಪಿನ ನೀರಿನಲ್ಲಿರುತ್ತದೆ. ಅವಳು ಓಕೆ ಒತ್ತುವುದು ಯಾವುದರಿಂದ, ಮೊಣಕೈಯಿಂದಲೇ? ಮೊದಲ ವಾರವೇ ಅವಳ ಹೆಸರು ಕೆಂಪಾಯಿತು. ಕಲಬುರಗಿ ಕಡೆಯ ಹೆಂಗಸು, ಮರ್ಯಾದೆಗೆ ಅಂಜುವವಳು. ಮನೆಗೆಲ್ಲ ಇರುವ ಒಂದೇ ಫೋನನ್ನು ಕುರ್ಲಾದ ಚಾಳಿನ ಕೋಣೆಯಲ್ಲಿ ಮಗಳು ಶಿವಕುಮಾರಿಯ ಕೈಗೆ ಕೊಟ್ಟು ಬರತೊಡಗಿದಳು. "ಅದು ಟಿಂಗ್ ಅಂದ್ ಕೂಡ್ಲೆ ಓಕೆ ಒತ್ತು ನೋಡವಾ, ನನ್ ಹೆಸ್ರು ಕೆಂಪಾಗಬಾರ್ದು" ಎಂದು ಹೇಳಿ ಲೋಕಲ್ ಹತ್ತುತ್ತಿದ್ದಳು. ಕಾಲೇಜಿನ ಪಾಠ ಓದುತ್ತಾ ಶಿವಕುಮಾರಿ ನಮ್ಮ ಅಡುಗೆಮನೆಯ ಸಮಸ್ತ ವ್ಯವಹಾರಕ್ಕೂ ಒಪ್ಪಿಗೆ ಕೊಡತೊಡಗಿದಳು. ಮರು ತಿಂಗಳು ‘ಅತ್ಯುತ್ತಮ ಸ್ಪಂದನೆ’ ಎಂದು ತಾವು ಕಾಶವ್ವನನ್ನು ಹೊಗಳಿದ್ದು ತಮಗೆ ನೆನಪಿರಬಹುದು.

ಆ ದಿನ ಮಧ್ಯಾಹ್ನ ಊಟದ ಗದ್ದಲ. ಅಡುಗೆಮನೆಯ ಹುಡುಗ ಶರಣು ಸಾಂಬಾರಿನ ದೊಡ್ಡ ಪಾತ್ರೆ ಎತ್ತುವ ಮೊದಲು ತಮ್ಮ ನಿಯಮದಂತೆ ಕೈ ಒರೆಸಿಕೊಂಡು, ‘ಬಿಸಿ ಬರ್ತಾ ಇದೆ, ಸರೀರಿ’ ಎಂದು ಗ್ರೂಪಿಗೆ ಹಾಕಿದ. ಎಲ್ಲರಿಗಿಂತ ಮೊದಲು ಓಕೆ ಬಂದದ್ದು ಕಾಶವ್ವನ ನಂಬರಿನಿಂದ. ಅವನು ಪಾತ್ರೆ ಎತ್ತಿಕೊಂಡು ಸದ್ದಿಲ್ಲದೆ ನಡೆದ. ಅತ್ತ ಮುಖ ಮಾಡಿದ್ದ ಕಾಶವ್ವ ತೊಳೆದ ತಟ್ಟೆಗಳ ರಾಶಿ ಹಿಡಿದು ಇತ್ತ ತಿರುಗಿದಳು. ಮುಂದಿನದು ತಮಗೆ ಗೊತ್ತು. "ಬಿಸಿ ಅಂತ ನಾಲಿಗಿ ತುದಿಗೆ ಬಂದಿತ್ರಿ ಅಣ್ಣಾ, ಹೆಸ್ರು ಕೆಂಪಾಗ್ತದಂತ ನುಂಗಿಕೊಂಡೆ" ಎಂದು ಶರಣು ಆಸ್ಪತ್ರೆಯ ಬಾಗಿಲಲ್ಲಿ ಅತ್ತ. ಸಂದೇಶ ಓದಿದವಳು ಮಾತ್ರ ಕುರ್ಲಾದಲ್ಲಿ ಪೂರ್ತಿ ಸುರಕ್ಷಿತವಾಗಿದ್ದಳು. ಆ ಮಟ್ಟಿಗೆ ವ್ಯವಸ್ಥೆ ಕೆಲಸ ಮಾಡಿದೆ, ಒಪ್ಪಿಕೊಳ್ಳುತ್ತೇನೆ.

ಈಗ ಶಿವಕುಮಾರಿ ಫೋನ್ ಮುಟ್ಟುವುದಿಲ್ಲ. ಕೆಲಸ ಬಿಡಿಸಿದ ಸಂದೇಶಕ್ಕೆ ಅಭ್ಯಾಸಬಲದಿಂದ ಓಕೆ ಒತ್ತಿ, ಒತ್ತಿದ ಮೇಲೆ ಓದಿದ್ದಳಂತೆ. ನಾನು ನೋಡಲು ಹೋದಾಗ ಬಾಗಿಲಲ್ಲೇ ಕೇಳಿದಳು: "ಅಂಕಲ್, ನಾ ಓಕೆ ಒತ್ತಿರಲಿಲ್ಲಾ ಅಂದ್ರ ಅವ್ವನ ಕೈ ನಹೀ ಜಲ್ತಾ ನಾ, ಸುಡ್ತಿರಲಿಲ್ಲಲಾ?" ಹೋಟೆಲಿನ ತುಂಬ ಕೇಳಿಸುವ ಗಂಟಲು ನನ್ನದು. ಅದರಿಂದಲೇ ತಪ್ಪು ನಿನ್ನದಲ್ಲ ಎಂದೆ, ಅವಳು ನಂಬಲಿಲ್ಲ. ನನಗೆ ತಮ್ಮ ಮೇಲೆ ಸಿಟ್ಟು ಬಂದದ್ದು ಆ ಹೊತ್ತಿನಲ್ಲಿ, ಇನ್ನೂ ಇಳಿದಿಲ್ಲ.

ವಿಚಾರಣೆಗೆಂದು ಕಾಶವ್ವನನ್ನು ಕರೆದುಕೊಂಡು ಕಾಂದಿವಲಿಗೆ ನಾನೇ ಬಂದಿದ್ದೆ. ತನ್ನ ನಂಬರಿನಿಂದ ಬೇರೆಯವರು ಉತ್ತರಿಸಲು ಬಿಡುವುದು ಘೋರ ಅಶಿಸ್ತು ಎಂದು ತಾವು ಹೇಳಿದಿರಿ. "ನಾನು ಪ್ರತಿಯೊಂದು ಮೆಸೇಜನ್ನೂ ಸ್ವತಃ ಓದಿ ಸ್ವತಃ ಉತ್ತರ ಕೊಡ್ತೇನೆ" ಎಂದೂ ಹೇಳಿದಿರಿ. ಆಗ ತಮ್ಮ ಒಂದು ಕೈಯಲ್ಲಿ ಚಹಾದ ಕಪ್ಪು, ಇನ್ನೊಂದರಲ್ಲಿ ಕಪ್ಪಿನಡಿಯ ಬಸಿ. ಅದೇ ಕ್ಷಣ ನನ್ನ ಜೇಬಿನಲ್ಲಿ ಫೋನ್ ಟಿಂಗ್ ಎಂದಿತು. ಕೊರಗಪ್ಪ ಹಾಕಿದ್ದ ನೀರುದೋಸೆಯ ಫೋಟೋಕ್ಕೆ ತಮ್ಮ ನಂಬರಿನಿಂದ ಹೆಬ್ಬೆರಳು ಬಂದಿತ್ತು! ಹೊರಗೆ ಬರುವಾಗ ತಮ್ಮ ಕಾರ್ಯದರ್ಶಿ ಲಾವಣ್ಯಾ ಅವರ ಮೇಜಿನ ಮೇಲೆ ತಮ್ಮ ಫೋನನ್ನೂ ಕಂಡೆ. ಅವರು ತಲೆ ತಗ್ಗಿಸಿ ಇನ್ನೊಂದು ಶಾಖೆಯ ಇಡ್ಲಿಗೆ ಮೆಚ್ಚುಗೆ ಒತ್ತುತ್ತಿದ್ದರು. ದಯವಿಟ್ಟು ಅವರಿಗೆ ನೋಟಿಸು ಕೊಡಬೇಡಿ. ಪಾಪ, ಹೇಳಿದ ಕೆಲಸ ಮಾಡುತ್ತಿದ್ದಾರೆ. ಶಿವಕುಮಾರಿಯೂ ಮಾಡಿದ್ದು ಅಷ್ಟೇ. ತಮ್ಮ ಕೈ ಖಾಲಿಯಿಲ್ಲದಾಗ ಲಾವಣ್ಯಾ ಒತ್ತುವುದು ಕಾರ್ಯದಕ್ಷತೆಯಾದರೆ, ಕಾಶವ್ವನ ಕೈ ಖಾಲಿಯಿಲ್ಲದಾಗ ಮಗಳು ಒತ್ತಿದ್ದು ಅಶಿಸ್ತು ಹೇಗಾಯಿತು?

ಕಾಶವ್ವನನ್ನು ಕೆಲಸದಲ್ಲಿ ಉಳಿಸಿಕೊಳ್ಳಬೇಕು. ಕೈ ವಾಸಿಯಾಗುವವರೆಗೆ ಸಂಬಳದ ರಜೆ ಕೊಡಬೇಕು. ತಪ್ಪು ಅವಳದ್ದೂ ಅಲ್ಲ, ಮಗಳದ್ದೂ ಅಲ್ಲ ಎಂದು ಶಿವಕುಮಾರಿಗೆ ತಾವೇ ಹೇಳಬೇಕು. ಮತ್ತೆ, ಗ್ರೂಪ್ ಇರಲಿ, ಆದರೆ ‘ಬಿಸಿ’ ಎಂಬ ಒಂದು ಮಾತನ್ನು ಬಾಯಿಗೆ ವಾಪಸು ಕೊಡಬೇಕು.

ಉತ್ತರವನ್ನು ಗ್ರೂಪಿನಲ್ಲಿ ಕೊಡಬೇಡಿ. ಊಟದ ಹೊತ್ತಿಗೆ ಫೋರ್ಟಿಗೆ ಬಂದು, ಅಡುಗೆಮನೆಯ ಓಣಿಯಲ್ಲಿ ಕಾಶವ್ವ ನಿಂತಿದ್ದ ಜಾಗದಲ್ಲೇ ನಿಂತು ಹೇಳಿ. ಆಗ ತಮ್ಮ ಬೆನ್ನ ಹಿಂದೆ ಸಾಂಬಾರು ಬಂದರೆ ಹೆದರಬೇಡಿ. ನನ್ನ ಹೆಸರು ಕೆಂಪಾದರೂ ಚಿಂತೆಯಿಲ್ಲ, ನಾನು ಕೂಗುತ್ತೇನೆ.

ಇಂತಿ,
ಗಂಟಲಿದ್ದೂ ಬೆರಳಲ್ಲಿ ದುಡಿಯುತ್ತಿರುವ,
ಪೂವಪ್ಪ
ಫೋರ್ಟ್ ಶಾಖೆ, ಮುಂಬಯಿ