ಸಹಕೆಲಿಯವರು ಬಾರದ ಸೋಮವಾರ

ಮಾರ್ಚ್ 7, ಬುಧವಾರ

ಬೆಳಿಗ್ಗೆಯಿಂದ ವಾಸದ ದೃಢೀಕರಣ ಮೂರು, ಎತ್ತಿನ ಜಗಳ ಒಂದು, ಮದುವೆ ಮಾತು ಒಂದು. ಎತ್ತಿನದು ತೀರ್ಮಾನ ಆಗಲಿಲ್ಲ. ಎತ್ತು ಒಂದೇ, ಕಣ್ಣಾರೆ ಕಂಡವರು ಊರು ತುಂಬ. ಮೊಹರಿನ ಮಸಿ ಒಣಗಿದೆ. ಉಗುಳು ಹಚ್ಚಿ ಒತ್ತಿದೆ.

ಮದುವೆ ಮಾತಿನಲ್ಲಿ ಗಂಡಿನ ಕಡೆ ಮಾತುಗಾರ ನಾನು. ಎಂದಿನಂತೆ ಮೊದಲು ಕ್ಷಮೆ — ನಾನು ಕಿರಿಯವ, ಹಿರಿಯರಿದ್ದಲ್ಲಿ ಬಾಯಿ ತೆರೆಯತಕ್ಕವನಲ್ಲ, ಸತ್ತವರೂ ಇರುವವರೂ ಮನ್ನಿಸಬೇಕು. ಜನ ಒಟ್ಟಿಗೆ, "ತಪ್ಪಿಲ್ಲ, ಮಾತಾಡು!" ಆ ಉತ್ತರ ಬಂದ ಮೇಲೆಯೇ ಮಾತು. ಬಾರದಿದ್ದರೆ ಮಾತು ಎತ್ತುವ ಹಾಗಿಲ್ಲ. ಬಾರದೆ ಹೋದದ್ದನ್ನು ನಾನು ಕಂಡಿಲ್ಲ. ಎಷ್ಟು ಕ್ಷಮೆ ಕೇಳಿದ್ದೇನೋ ಈ ಜನ್ಮದಲ್ಲಿ! ಒಂದಕ್ಕೂ ಕಾರಣ ಇರಲಿಲ್ಲ. ಉಪ್ಪು, ಸಾಬೂನು ಹೊತ್ತು ಮಾರುತ್ತಿದ್ದವ ನಾನು. ಈ ಒಂದು ಸರಕಿಗೆ ಮಾತ್ರ ತೂಕ ಇಲ್ಲ, ಮುಗಿಯುವುದೂ ಇಲ್ಲ. ಇದರಿಂದಲೇ ಅಧ್ಯಕ್ಷನೂ ಆದೆ.

ಹೊಳೆ ಇನ್ನೂ ಹೊಸ ದಾರಿಯಲ್ಲೇ. ಚಂಡಮಾರುತ ಹೋಗಿ ತಿಂಗಳಾಯಿತು, ಹಳೇ ಪಾತ್ರಕ್ಕೆ ಮರಳುವ ಲಕ್ಷಣ ಇಲ್ಲ. ಮುಂಚೆ ಸಹಕೆಲಿಯ ಆಚೆ ಹರಿಯುತ್ತಿತ್ತು. ಈಗ ನಮಗೂ ಸಹಕೆಲಿಗೂ ನಡುವೆ. ನಮ್ಮ ಫೊಕೊಂತಾನಿಯ, ಅಂದರೆ ನಾನು ಅಧ್ಯಕ್ಷನಾದ ಗ್ರಾಮಾಡಳಿತದ, ಐದು ಕೇರಿಗಳಲ್ಲಿ ನಾಲ್ಕು ಈಚೆ, ಒಂದು ಆಚೆ. ಆ ಒಂದು ನನ್ನ ಹೆಂಡತಿ ವೊಲಳ ತವರು.

ಸಂಜೆ ಅತ್ತೆ ಆಚೆ ದಡದಿಂದ ಕೂಗಿದರು. ಊರಿಗೆಲ್ಲ ಅವರು ನೇನಿ, ಅಮ್ಮ.

"ಅಳಿಯಾ! ಸೇತುವೆ ಯಾವಾಗ?"

"ಬರುತ್ತೆ ನೇನಿ, ಬರುತ್ತೆ!"

"ನಿನ್ನ ಮಾತನ್ನೇ ಅಡ್ಡ ಹಾಸಿದ್ರೆ ಇಷ್ಟೊತ್ತಿಗೆ ಎರಡು ಸೇತುವೆ ಆಗ್ತಿತ್ತಲ್ಲೋ!"

ಎರಡೂ ದಡ ನಕ್ಕವು. ನಾನೂ ನಕ್ಕೆ. ಅಷ್ಟೊಂದಲ್ಲ.

ಮಾರ್ಚ್ 9, ಶುಕ್ರ

ಸಿಗ್ನಲ್ ಸಿಗುವ ಬಂಡೆ ಹತ್ತಿ ಜಿಲ್ಲಾ ಕಚೇರಿಗೆ ಫೋನು. ಹೊಸ ಸಹಾಯಕ ಅಧಿಕಾರಿ ತಾಂತೆಲಿಯವರು. ಎಳೆಯ ದನಿ, ಪಾಪ, ಬಹಳ ಮರ್ಯಾದೆ. ಹೊಸ ಮ್ಯಾಪ್ ಆಗುತ್ತಿದೆಯಂತೆ. ಹೊಳೆ ಸರಿದಿದೆ, ಗಡಿಯೂ ಅದರ ಜೊತೆ ಸರಿಯಬೇಕೋ ಬೇಡವೋ ಜನರನ್ನೇ ಕೇಳಬೇಕು. ಸರಿದರೆ ಸಹಕೆಲಿ ಆಚೆಯ ಮಾಂಗರಾನು ಕಮ್ಯೂನಿಗೆ, ಅಲ್ಲಿನ ಮೇಯರರ ಆಡಳಿತಕ್ಕೆ, ಹೋಗುತ್ತದೆ.

"ಸೋಮವಾರ ಬರಲೇ, ಗುರುವಾರ ಬರಲೇ ಅಧ್ಯಕ್ಷರೇ? ಎಲ್ಲರಿಗೂ ಅನುಕೂಲವಾದ ದಿನ ಹೇಳಿ."

ಮನಸ್ಸಿನಲ್ಲೇ ಕೂಡಿ ಕಳೆದೆ. ರಸ್ತೆ ಕೆಲಸಕ್ಕೆ ಬಾರದವರು ಯಾರು — ಸಹಕೆಲಿ. ತೆರಿಗೆ ಹಿಂದೆ ಬಿದ್ದದ್ದು — ಸಹಕೆಲಿ. ಬಾಕಿ ಇಲ್ಲದ ಫೊಕೊಂತಾನಿಗೆ ತಗಡಿನ ಸೂರಿನ ಕಚೇರಿ ಕೊಡುತ್ತಾರಂತೆ. ಸಹಕೆಲಿಯನ್ನು ಕಳೆದರೆ ನಮ್ಮಲ್ಲಿ ಬಾಕಿಯೇ ಇಲ್ಲ. ಮತ್ತೆ ಸಂಜೆ ಸಂಜೆ ಸೇತುವೆ ಕೇಳುವವರೂ ಇಲ್ಲ.

ಮೇಲಿನ ಕಣಿವೆಯ ಕಡೆ ನೋಡಿದೆ. ಮಳೆಮೋಡ ಕಪ್ಪಗೆ ಕಟ್ಟಿತ್ತು.

ಸೋಮವಾರವೇ ಆಗಲಿ ಎಂದೆ.

ಮಾರ್ಚ್ 12, ಸೋಮವಾರ

ಸಭೆ ಚೆನ್ನಾಯಿತು. ಹೊಳೆ ನಿನ್ನೆಯಿಂದ ತುಂಬಿ ಹರಿಯುತ್ತಿದೆ, ದೋಣಿ ಇಳಿಸುವ ಹಾಗಿಲ್ಲ. ನೀರಿಗೆ ನಾನೇನು ಹೇಳಲಿ.

ಕ್ಷಮೆ ಕೇಳಿದೆ. "ತಪ್ಪಿಲ್ಲ, ಮಾತಾಡು!" ಆಡಿದೆ. ಮನುಷ್ಯ ಎಳೆದ ಗೆರೆಯನ್ನು ಮನುಷ್ಯ ಅಳಿಸುತ್ತಾನೆ, ಹೊಳೆ ಸೃಷ್ಟಿಕರ್ತ ಎಳೆದ ಗೆರೆ ಎಂದೆ. ಮಗಳನ್ನು ಕೊಟ್ಟು ಕಳಿಸಿದ ಹಾಗೆ ಸಹಕೆಲಿಯನ್ನು ಕಳಿಸೋಣ, ಕಣ್ಣೀರೂ ಇರಲಿ, ಹರಕೆಯೂ ಇರಲಿ ಎಂದೆ. ಒಬ್ಬಿಬ್ಬರು ಮುದುಕಿಯರು ನಿಜವಾಗಿ ಅತ್ತರು. ತಾಂತೆಲಿಯವರು ಬರೆದುಕೊಳ್ಳುತ್ತಲೇ ಇದ್ದರು.

"ಐದೂ ಕೇರಿಯವರು ಬಂದಿದಾರಲ್ವಾ?"

ಹೊಸಬ. ಯಾರ ಮುಖವೂ ಗೊತ್ತಿಲ್ಲ ಅವರಿಗೆ.

"ಐದೂ," ಎಂದೆ.

ಜನ ನೆಲ ನೋಡಿದರು. ತಗಡಿನ ಸೂರು ಅವರಿಗೂ ಬೇಕು.

ಮಾರ್ಚ್ 13

ವೊಲ ಊಟಕ್ಕೆ ಬಡಿಸುತ್ತಾ, "ಸಹಕೆಲಿ ಪರವಾಗಿ ಯಾರು ಮಾತಾಡಿದ್ರು?"

"ನಾನೇ."

"ಯಾರ ಬಾಯಿಂದ?"

ಅನ್ನ ಸೀದಿತ್ತು. ತಿಂದೆ.

ಏಪ್ರಿಲ್ 26, ಗುರುವಾರ, ಸಂತೆ

ನೀರು ಇಳಿದಿದೆ. ಗೆರೆಯೂ ಸರಿದಾಯಿತು, ಸಹಕೆಲಿ ಈಗ ಮಾಂಗರಾನುವಿನದು. ನೇನಿ ದೋಣಿಯಲ್ಲಿ ಬಂದರು, ಕಂಕುಳಲ್ಲಿ ಬಾತುಕೋಳಿ. ಬಾಗಿಲಲ್ಲೇ ನಿಂತರು.

"ಒಳಗೆ ಬರಬಹುದಾ ಅಧ್ಯಕ್ಷಪ್ಪಾ? ನಾನೀಗ ಪರಸ್ಥಳದವಳು."

"ಬನ್ನಿ ನೇನಿ, ಏನು ಮಾತು ಇದು!"

"ಬಾತುಕೋಳಿಗೂ ಪರವಾನಗಿ ಬೇಕೇನೋ. ಕೇಳಿಬಿಡೋಣ ಅಂತ."

ವೊಲ ನಕ್ಕಳು. ತಿಂಗಳಾಗಿತ್ತು ಅವಳು ನಕ್ಕು. ನೇನಿ ತಳ ಹಿಡಿದ ಅನ್ನದ ಸೀಕಲು ಕುದಿಸಿದ ನೀರು ಕುಡಿಯುತ್ತಾ, ಯಾವುದೋ ಕೆಲಸದ ಮಾತು ಎನ್ನುವ ಹಾಗೆ,

"ಅಲ್ಲಪ್ಪ, ನಮ್ಮ ಗೋರಿ ಮನೆ ಈಚೆ ಗುಡ್ಡದಲ್ಲಿ ಉಳೀತಲ್ಲ. ಇವಳಪ್ಪ ಅಲ್ಲೇ ಮಲಗಿದಾರೆ. ಅವರ ಪಕ್ಕ ನನ್ನ ಜಾಗ ಇದೆ."

"ಗೋರಿಗೆ ಗಡಿ ಇಲ್ಲ ನೇನಿ."

"ಗೋರಿಗೆ ಇಲ್ಲ. ಹೋಗಬೇಕಾದವಳು ನಾನು. ನನಗೆ ಇದೆಯಾ ಅಂತ ಕೇಳಿದ್ದು."

ನಕ್ಕೆ. ಎಲ್ಲ ನೋಡಿಕೊಳ್ಳುತ್ತೇನೆ ಎಂದೆ. ಇನ್ನೂ ಬಹಳ ವರ್ಷ ಇದೆ ಎಂದೆ. ಅವರು ನನ್ನನ್ನೇ ನೋಡುತ್ತಿದ್ದರು, ಸಂತೆಯಲ್ಲಿ ಅಳತೆ ಸೇರು ನೋಡುವ ಹಾಗೆ.

ವರ್ಷವೆಲ್ಲ ಪೂರ್ವಜರ ಹೆಸರು ಹೇಳಿ ಹೊಟ್ಟೆ ಹೊರೆಯುವವ ನಾನು. ಮ್ಯಾಪಿನ ಮುಂದೆ ನಿಂತಾಗ ಗೋರಿ ನೆನಪೇ ಆಗಲಿಲ್ಲ.

ಜೂನ್ 19

ನೇನಿ ಹೋದರು. ಮೂರು ದಿನದ ಜ್ವರ. ಬೆಳಗಿನ ಜಾವ ಆಚೆ ದಡದಲ್ಲಿ ಡೋಲು ಬಾರಿಸಿದರು. ವೊಲ ನನ್ನ ಮುಖ ನೋಡದೆ ಹೊಳೆ ದಾಟಿದಳು.

ಜೂನ್ 20

ಹೇಗೆ ಬರೆಯಲಿ.

ದೋಣಿಗಟ್ಟೆಯಲ್ಲಿ ಪೊಲೀಸರು ಕೂತಿದ್ದಾರೆ. ದನಗಳ್ಳರ ಕಾಟಕ್ಕೆ ಅಂತ ಏಪ್ರಿಲಿನಲ್ಲಿ ನಾನೇ ಅರ್ಜಿ ಹಾಕಿ ತರಿಸಿದ್ದು. ಕಮ್ಯೂನಿನ ಗಡಿ ದಾಟುವ ಹೆಣಕ್ಕೆ ಮೇಯರನ ಕಾಗದ ಬೇಕು, ಜ್ವರದ ಸಾವಾದರೆ ಬೇಕೇ ಬೇಕು, ಪ್ಲೇಗಿನ ಭಯ. ಯಾವ ಮೇಯರು? ಮಾಂಗರಾನುವಿನವರು. ನಡೆದರೆ ಒಂದೂವರೆ ದಿನ.

ನನ್ನ ಮೊಹರು ತೋರಿಸಿದೆ. ಪೊಲೀಸಿನವ ತಿರುಗಿಸಿ ನೋಡಿದ.

"ಇದು ಹೊಳೆಯ ಈಚೆಗೆ ಅಧ್ಯಕ್ಷರೇ. ಆಚೆಗೆ ನಡೆಯಲ್ಲ."

"ನಾನು ಹೇಳ್ತಿದೀನಲ್ಲಪ್ಪ!"

"ನೀವು ಹೇಳಿದ್ದಕ್ಕೇ ಅಲ್ವಾ ನಾವು ಇಲ್ಲಿರೋದು."

ಆಚೆ ದಡದಲ್ಲಿ ಚಟ್ಟ ಇಳಿಸಿ ಸಹಕೆಲಿಯವರು ಸಾಲಾಗಿ ನಿಂತಿದ್ದರು, ತಲೆವರೆಗೂ ಲಾಂಬಾ ಶಾಲು ಹೊದ್ದು. ನಡುವೆ ವೊಲ. ಪಕ್ಕದಲ್ಲಿ ಅವರ ಹಿರಿಯ, ರೈನಿಸೂವ. ನಮ್ಮ ಗುಡ್ಡದ ಗೋರಿ ಅಲ್ಲಿಂದ ಕಾಣುತ್ತದೆ, ಕಲ್ಲಿನ ಬಾಗಿಲು ಸಮೇತ. ಹೊಳೆ ಮೊಣಕಾಲುದ್ದವೂ ಇರಲಿಲ್ಲ.

ಏನಾದರೂ ಹೇಳಬೇಕು. ನೀರಂಚಿಗೆ ಹೋಗಿ ದನಿ ಎತ್ತಿದೆ. ನಾನು ಕಿರಿಯವ. ಹಿರಿಯರಿದ್ದಲ್ಲಿ ಬಾಯಿ ತೆರೆಯತಕ್ಕವನಲ್ಲ. ಸತ್ತವರೂ ಇರುವವರೂ ಮನ್ನಿಸಬೇಕು.

ನಿಲ್ಲಿಸಿದೆ. ಉತ್ತರಕ್ಕೆ.

ನೀರಿನ ಸದ್ದು. ಎಲ್ಲೋ ಒಂದು ಕರು.

ಕೇಳಿಸಲಿಲ್ಲವೇನೋ ಎಂದು ಮತ್ತೆ ಹೇಳಿದೆ, ಇನ್ನೂ ಗಟ್ಟಿಯಾಗಿ. ಕೇಳಿಸಿತ್ತು. ರೈನಿಸೂವ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ವೊಲಳ ತುಟಿ ಅಲುಗಿತು ಅನ್ನಿಸಿತು. ಇಲ್ಲ, ಗಾಳಿಗೆ ಲಾಂಬಾ.

ನಮ್ಮ ದಡದವರೂ ಸುಮ್ಮನಿದ್ದರು. ಬಾಯಿ ತೆರೆದುಕೊಂಡೇ ನಿಂತಿದ್ದೆ, ಎಷ್ಟೊತ್ತೋ. ಆಮೇಲೆ ಮುಚ್ಚಿದೆ.

ಮಾಂಗರಾನುವಿಗೆ ಈಗಲೇ ಹೊರಡುತ್ತೇನೆ.

ಜೂನ್ 23

ಮೇಯರು ರಾಜಧಾನಿಗೆ ಹೋಗಿದ್ದರು. ಉಪಮೇಯರು ಒಬ್ಬ ಹೆಂಗಸು, ದಪ್ಪ ಸ್ವೆಟರು, ಮೇಜಿನ ಮೇಲೆ ಹುರಿದ ಕಡಲೆಕಾಯಿ.

"ನೀವೇನಾ ಆ ಮಾತುಗಾರರು! ಬನ್ನಿ, ಕೂತ್ಕೊಳ್ಳಿ. ಬದುಕಿದ್ದಾಗ ಬೇಡ ಅಂತ ನಮಗೆ ಕೊಟ್ಟಿರಿ, ಸತ್ತ ಮೇಲೆ ವಾಪಸ್ ಕೇಳ್ತಿದೀರಿ. ಏನು ವ್ಯಾಪಾರಾನಪ್ಪಾ ಇದು?"

ಕಾಗದ ಬೇಕು ಎಂದಷ್ಟೇ ಅಂದೆ. ನಾನು! ಆಕೆ ಹೆಚ್ಚು ಕಾಡಿಸಲಿಲ್ಲ. ಸಹಿ ಹಾಕಿದಳು, ಕಡಲೆಕಾಯಿಯನ್ನೂ ಕಟ್ಟಿ ಕೊಟ್ಟಳು, ದಾರಿಗೆ ಅಂತ. ಬೈದಿದ್ದರೆ ಹಗುರಾಗುತ್ತಿತ್ತು.

ಓಡೋಡಿ ಬಂದೆ. ಅದೇ ಬೆಳಿಗ್ಗೆ ಮಣ್ಣು ಮಾಡಿದ್ದರು. ಹೊಳೆ ದಡದಲ್ಲೇ, ತಲೆ ಗುಡ್ಡದ ಕಡೆಗೆ. ಇನ್ನು ಇಟ್ಟುಕೊಳ್ಳುವ ಹಾಗಿರಲಿಲ್ಲ.

ಕಾಗದ ಚಾಚಿದೆ. ರೈನಿಸೂವ ಮುಟ್ಟಲಿಲ್ಲ. "ಮಣ್ಣಿಗಿಟ್ಟಾಯ್ತು. ಮುಂದಿನ ವರ್ಷ ಆಗಸ್ಟಿನ ಚಳಿಗಾಲ ಬರೋವರೆಗೆ ಎತ್ತಿ ಗೋರಿಗೆ ಒಯ್ಯೋ ಹಾಗಿಲ್ಲ, ಪದ್ಧತಿ. ಒಂದು ವರ್ಷ ಅವಳು ಇಲ್ಲೇ ಕಾಯಬೇಕು, ಯಾರದೋ ನೆಲದಲ್ಲಿ, ಒಬ್ಬಳೇ."

"ದಾದಾಬೆ, ಅಜ್ಜಾ, ಹೊಳೆ ಆ ದಿನ—"

"ಹೊಳೆ ವಿಷ್ಯ ನನಗೆ ಹೇಳ್ತೀಯಾ?" ಅಂದ, ಅಜ್ಜ ಮೊಮ್ಮಗನಿಗೆ ಹೇಳುವಷ್ಟೇ ಮೆತ್ತಗೆ.

ಜುಲೈ 2

ಜಿಲ್ಲಾ ಕಚೇರಿ. ಗೆರೆ ಮೊದಲಿನಂತೆ ಮಾಡಿ ಎಂದು ಕೇಳಿದೆ.

ತಾಂತೆಲಿಯವರಿಗೆ ಆಶ್ಚರ್ಯ. "ಅಷ್ಟು ಚೆನ್ನಾಗಿ ಮಾತಾಡಿದವರೇ ನೀವು! ನಿಮ್ಮ ಮಾತನ್ನ ವರದಿಯಲ್ಲಿ ಹಾಗೇ ಇಳಿಸಿದೀನಿ." ಓದಿಯೂ ತೋರಿಸಿದರು — ಸೃಷ್ಟಿಕರ್ತ ಎಳೆದ ಗೆರೆ. ಬೇರೆಯವರ ಬಾಯಲ್ಲಿ ನನ್ನ ಮಾತು ಮೊದಲ ಸಲ ಕೇಳಿದ್ದು. ಹಳಸಿದ ಅನ್ನದ ವಾಸನೆ.

"ಬದಲಾಯಿಸೋಕೆ ಕಾರಣ ಏನಂತ ಬರೀಲಿ?"

"ಜನರ ಮನಸ್ಸು ನೊಂದಿದೆ."

"ಅದು ಕಾರಣ ಆಗಲ್ಲ ಅಧ್ಯಕ್ಷರೇ. ಸಭೆಗೆ ಯಾವುದಾದರೂ ಕೇರಿಯವರು ಬಂದಿರಲಿಲ್ಲ ಅಂದ್ರೆ ಮಾತು ಬೇರೆ. ಆಗ ಸಭೆಯೇ ಬಿದ್ದು ಹೋಗುತ್ತೆ, ಗೆರೆಯೂ ಹೋಗುತ್ತೆ." ಪೆನ್ನು ಎತ್ತಿ ಹಿಡಿದರು. "ಸಹಕೆಲಿಯವರು ಬಂದಿದ್ರಲ್ವಾ?"

ಪೆನ್ನಿನ ತುದಿ ನೋಡುತ್ತಿದ್ದೆ. ಒಂದೇ ಮಾತು. ಅಧ್ಯಕ್ಷಗಿರಿ ಹೋಗುತ್ತಿತ್ತು, ಮೊಹರು ಹೋಗುತ್ತಿತ್ತು, ಇನ್ನು ಯಾವ ಮದುವೆಗೂ ಕರೆಯುತ್ತಿರಲಿಲ್ಲ. ಮತ್ತೆ ಉಪ್ಪು, ಸಾಬೂನು.

"ಬಂದಿದ್ರು," ಎಂದೆ.

ಆಗಸ್ಟ್ 20, ಮರುವರ್ಷ

ಒಂದು ವರ್ಷದ ಮೇಲಾಯಿತು ಇದರಲ್ಲಿ ಬರೆದು. ಹಾಳೆಗಳೇನೋ ಇದ್ದವು.

ತಗಡಿನ ಸೂರು ಬಂತು. ಮಳೆಗಾಲದಲ್ಲಿ ಅದರ ಕೆಳಗೆ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ. ಒಳ್ಳೆಯದೇ ಆಯಿತು. ಮಾಂಗರಾನುವಿನ ಆ ಸ್ವೆಟರಿನ ಹೆಂಗಸು ಸಹಕೆಲಿಗೆ ಮರದ ಸೇತುವೆ ಕಟ್ಟಿಸಿಕೊಟ್ಟಳು, ಮಾತಿಲ್ಲದೆ. ನಮ್ಮ ಮಕ್ಕಳು ಅದರ ಮೇಲೆ ಆಡಲು ಹೋಗುತ್ತಾರೆ.

ವೊಲ ನನ್ನ ಜೊತೆ ಮಾತಾಡುತ್ತಾಳೆ. ಉಪ್ಪು ಬೇಕಾ. ಬಾಗಿಲು ಹಾಕಿ. ಅಷ್ಟು.

ನಾಳೆ ನೇನಿಯನ್ನು ಎತ್ತುತ್ತಾರೆ. ಹೊಸ ರೇಷ್ಮೆ ಹೊದಿಸಿ, ಕೊಳಲು ಡೋಲು ಬಾರಿಸಿಕೊಂಡು, ಸೇತುವೆ ದಾಟಿಸಿ ಗುಡ್ಡಕ್ಕೆ ತರುತ್ತಾರೆ, ಗಂಡನ ಪಕ್ಕಕ್ಕೆ. ತಾಂತೆಲಿಯವರೂ ಬರುತ್ತಾರೆ, ಸರ್ಕಾರದ ಪರವಾಗಿ. ನಾನು ಜನದ ಹಿಂದೆ ನಿಲ್ಲುವುದು ಎಂದುಕೊಂಡಿದ್ದೆ.

ಮಧ್ಯಾಹ್ನ ರೈನಿಸೂವ ಬಂದ. ಕೂರಲಿಲ್ಲ.

"ನಾಳೆ ಸೇತುವೆ ಮೇಲೆ ನೀನು ಮಾತಾಡಬೇಕು."

"ಬೇಡ ದಾದಾಬೆ. ಬೇರೆ ಯಾರನ್ನಾದ್ರೂ ಕರೀರಿ. ಚೆನ್ನಾಗಿ ಮಾತಾಡೋರು ಬೇಕಾದಷ್ಟು ಜನ ಇದಾರೆ."

"ಇದಾರೆ. ನಮಗೆ ಚೆನ್ನಾಗಿ ಬೇಡ."

ಬಾಗಿಲ ಹತ್ತಿರ ತಿರುಗಿ, "ನೀನು ಕ್ಷಮೆ ಕೇಳ್ತೀಯಲ್ಲ, ನಾವು ಉತ್ತರ ಕೊಡ್ತೀವೋ ಇಲ್ವೋ ಅದು ಅಲ್ಲೇ ನೋಡ್ಕೊಳ್ಳೋಣ. ಉತ್ತರ ಬರದೆ ಗೋರಿ ಬಾಗಿಲು ತೆಗೆಯಲ್ಲ. ಅವಳೂ ಕಾಯ್ತಾಳೆ, ಅಭ್ಯಾಸ ಆಗಿದೆ."

ಆಗಸ್ಟ್ 21, ಬೆಳಿಗ್ಗೆ

ಕೊಳಲು ಆಚೆ ದಡದಲ್ಲಿ ಶುರುವಾಗಿದೆ. ವೊಲ ನನ್ನ ಲಾಂಬಾ ಹೆಗಲಿಗೆ ಸರಿಯಾಗಿ ಹೊದಿಸಿದಳು. ವರ್ಷದ ಮೇಲೆ ಮೊದಲ ಸಲ ಕೈ ತಾಗಿದ್ದು.

"ಯಾವ ಕ್ಷಮೆ ಕೇಳ್ತೀರಿ? ಹಳೇದೇನಾ?"

ನಾನು ಈ ಪುಸ್ತಕ ತೆಗೆದೆ.

"ಅಮ್ಮನಿಗೆ ಅದು ಬಾಯಿಪಾಠ ಇತ್ತು," ಅಂದಳು. ಮುಂದೆ ಹೋದಳು. ಗೇಟಿನ ಹತ್ತಿರ ನಿಂತಿದ್ದಾಳೆ, ಇಲ್ಲಿಂದ ಕಾಣುತ್ತಿದೆ.

ಬರೆದುಕೊಂಡು ಮಾತಾಡಿದವನಲ್ಲ ನಾನು. ಇವತ್ತು ಬರೆದುಕೊಳ್ಳದಿದ್ದರೆ ನಾಲಿಗೆ ತನಗೆ ಗೊತ್ತಿರುವ ದಾರಿ ಹಿಡಿಯುತ್ತದೆ.

ನಾನು ಕಿರಿಯವ — ಹೊಡೆದು ಹಾಕಿದೆ.

ಹಿರಿಯರಿದ್ದಲ್ಲಿ — ಅದೂ ಬೇಡ.

ನೇನಿ. ಸಹಕೆಲಿಯವರೇ. ತಾಂತೆಲಿಯವರೇ, ನೀವೂ ಬರೆದುಕೊಳ್ಳಿ. ಆ ಸೋಮವಾರ ಹೊಳೆ ಏರುತ್ತದೆ ಎಂದು ಶುಕ್ರವಾರವೇ ನನಗೆ ಗೊತ್ತಿತ್ತು. ಸಹಕೆಲಿಯಿಂದ ಯಾರೂ ಬಂದಿರಲಿಲ್ಲ, ಬಂದಿದ್ದರು ಎಂದದ್ದು ಸುಳ್ಳು.