ಐದಕ್ಕೆ ಹತ್ತು ನಿಮಿಷ ಇರುವಾಗ

ಮಾರ್ಚ್ 3, ಸೋಮವಾರ

ಎಂದಿನಂತೆ ಒಂಬತ್ತಕ್ಕೆ ಮೊಬೈಲನ್ನು ಲಾಕರಿಗೆ ಹಾಕಿ ಒಳಗೆ ಹೋದೆ. ವಂಚಕರ ಫೋನ್ ಕರೆಗಳ ಹನ್ನೊಂದು ಫೈಲ್ ಕೇಳಿ ಬರೆದೆ. ಏಳು ಹೊಸ ಧ್ವನಿ, ನಾಲ್ಕು ಮೊದಲೇ ಕೇಳಿದ ಹಳೆಯವು. ಹಳೆಯವುಗಳಲ್ಲಿ ಒಂದು, ದೇಶದ ಇನ್ನೊಂದು ತುದಿಯ ಕೇಸಿನದು. ಎರಡೂ ಊರಿನ ಪೊಲೀಸರು ಒಬ್ಬನನ್ನೇ ಹುಡುಕುತ್ತಿದ್ದರು, ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಸರ್ಕಾರ ಈ ಹಾಲ್ ಮಾಡಿದ್ದೇ ಅದಕ್ಕೆ. ಬ್ಯಾಂಕಿನವರು, ಫೋನ್ ಕಂಪನಿಯವರು, ಪೊಲೀಸರು — ಎಲ್ಲರೂ ಒಂದೇ ಸೂರಿನಡಿ. ಮೊದಲು ಪತ್ರ ಬರೆದು ಇಪ್ಪತ್ತು ದಿನ ಕಾಯಬೇಕಿತ್ತು. ಈಗ ಎದ್ದು ನಿಂತು ಕೇಳಿದರೆ ಆಯಿತು.

ಎದುರಿಗೆ ಬ್ಯಾಂಕ್ ಮೇಡಂ. ಅವರು ಒಂದು ಕೀ ಒತ್ತಿದರೆ ಎಲ್ಲೋ ಒಂದು ಖಾತೆ ಸ್ತಬ್ಧ. ನನ್ನ ಹತ್ತಿರ ಇರುವುದು ಎರಡು ಕಿವಿ ಅಷ್ಟೇ.

ಮಾರ್ಚ್ 5

ಹೊಸ ಫೈಲ್ ಕೊಟ್ಟಿದ್ದಾರೆ. ಕೋರ್ಟ್ ಆದೇಶದ ಮೇಲೆ ಒಬ್ಬನ ಲೈನ್ ರೆಕಾರ್ಡ್ ಆಗುತ್ತಿದೆ. ಬ್ಯಾಂಕಿನ ಭದ್ರತಾ ಅಧಿಕಾರಿ ಎಂದು ಹೇಳಿಕೊಂಡು ಒಂಟಿ ಹೆಂಗಸರಿಗೆ ದಿನಾ ಫೋನ್ ಮಾಡುತ್ತಾನೆ. ನಿಮ್ಮ ಖಾತೆಗೆ ಕಳ್ಳರು ಕಣ್ಣು ಹಾಕಿದ್ದಾರೆ, ಅವರು ಸಿಗುವವರೆಗೂ ನಾನು ವಿಚಾರಿಸಿಕೊಳ್ಳುತ್ತೇನೆ, ಯಾರಿಗೂ ಹೇಳಬೇಡಿ... ಮೂರು ವಾರ ಹೀಗೇ ಬೆಣ್ಣೆ ಹಚ್ಚುತ್ತಾನೆ. ಆಮೇಲೆ ಎಲ್ಲವನ್ನೂ ಒಂದೇ ಸಲ ಬಾಚಿಕೊಂಡು ಮಾಯ.

“ಹೊಸ ಅಳಿಯನ ಹಾಗೆ ಮಾತಾಡ್ತಾನೆ” ಅಂದೆ. ಮಧ್ಯಾಹ್ನದೊಳಗೆ ಇಡೀ ಹಾಲಿಗೆ ಅವನು ಅಳಿಯ.

ನಮಗೆ ಕೇಳುವುದು ಅವನ ಮಾತು ಮಾತ್ರ. ಆ ಕಡೆಯವರ ಮಾತನ್ನು ಅಳಿಸಿ ಕೊಡುತ್ತಾರೆ. ಮೋಸ ಹೋಗುವವರ ಮನೆ ಗುಟ್ಟು ನಮಗೇಕೆ ಎಂಬ ನಿಯಮ. ಒಳ್ಳೆಯ ನಿಯಮ. ಹೆಸರಿಲ್ಲ, ನಂಬರಿಲ್ಲ, ಬರೀ ‘ನೊಂದವರು–6’. ನಾನು ಮೌನದ ಸೆಕೆಂಡುಗಳನ್ನು ಬರೆಯಬೇಕು.

“ಮಂಡಿ ಹೇಗಿದೆ ಅಕ್ಕ?” (ಮೌನ, 9.) “ಬಿಸಿನೀರಿನ ಶಾಖ ಕೊಟ್ಕೊಳ್ಳಿ ಮತ್ತೆ. ಮರೀಬೇಡಿ.”

ಕರೆಯ ಸಮಯ 4:50. ಇವರೊಬ್ಬರಿಗೆ ಮಾತ್ರ ದಿನಾ ಸರಿಯಾಗಿ 4:50. ಯಾಕೋ ಗೊತ್ತಾಗಲಿಲ್ಲ.

ಮಾರ್ಚ್ 7

ನಗೆಪಾಟಲಾಯಿತು. ಅಳಿಯ “ಊಟ ಆಯ್ತಾ?” ಅಂದ. ಆ ಕಡೆ ಮೌನ. ನಾನು “ಆಯ್ತು” ಅಂದುಬಿಟ್ಟೆ. ಹೆಡ್‌ಫೋನ್ ಹಾಕಿಕೊಂಡಿದ್ದರಿಂದ ಜೋರಾಗಿಯೇ ಬಂತು.

“ಯಾರಿಗೆ ಹೇಳಿದ್ರಿ?” — ಬ್ಯಾಂಕ್ ಮೇಡಂ.

“ಕಳ್ಳನಿಗೆ.”

“ಅವನಾದ್ರೂ ಕೇಳಿದ್ನಲ್ಲ, ಪುಣ್ಯಾತ್ಮ.”

ನಗುತ್ತಾ ಹೇಳಿದರು. ನಾನೂ ನಕ್ಕೆ. ಆದರೆ ಮಧ್ಯಾಹ್ನ ಪೂರ್ತಿ ಒಳಗೊಳಗೇ ಉತ್ತರ ಕೊಡುತ್ತಿದ್ದೆ. ನಿದ್ದೆ ಬಂತಾ? ಬಂತು. ಕಾಲು ಊದಿದ್ಯಾ? ಇಲ್ಲ.

ಮಾರ್ಚ್ 9, ಭಾನುವಾರ

ಬಟ್ಟೆ ಒಗೆದೆ. ಇಸ್ತ್ರಿ ಮಾಡಿದೆ. ಮನೆಯಲ್ಲಿ ಸದ್ದು ಮಾಡುವುದು ಫ್ರಿಜ್ ಒಂದೇ. ಅದು ನಿಂತಾಗ ಏನೋ ಕಳೆದುಕೊಂಡ ಹಾಗೆ ಆಗುತ್ತದೆ. ಇಲ್ಲಿಗೆ ವರ್ಗವಾಗಿ ಬಂದು ಎರಡು ವರ್ಷ. ಪಕ್ಕದ ಮನೆಯವರ ಚಪ್ಪಲಿ ಗೊತ್ತು, ಮುಖ ಗೊತ್ತಿಲ್ಲ.

ಊರಿನಲ್ಲಿರುವ ಅಕ್ಕನಿಗೆ ಫೋನ್ ಮಾಡೋಣ ಅಂದುಕೊಂಡೆ. ಫೆಬ್ರವರಿಯಲ್ಲಿ ಅವಳ ಲ್ಯಾಂಡ್‌ಲೈನಿನಿಂದ ಎರಡು ಕರೆ ಬಂದಿದ್ದವು, ಎರಡೂ ಮೊಬೈಲ್ ಲಾಕರಿನಲ್ಲಿದ್ದಾಗ. ತಿರುಗಿ ಮಾಡಿಲ್ಲ. ವಾರವಿಡೀ ಮಾತು ಕೇಳಿ ಕಿವಿ ಸೋತಿರುತ್ತದೆ. ಮುಂದಿನ ಭಾನುವಾರ.

ಮಾರ್ಚ್ 12

ನಿನ್ನೆಯ ಕರೆ ಇವತ್ತು ಬೆಳಿಗ್ಗೆ ಕೇಳಿದೆ. ಬರೆದದ್ದು ಬರೆದ ಹಾಗೇ ನೆನಪಿದೆ.

“ಒಂದು ಕೇಳ್ಲಾ ಅಕ್ಕ? ಮೊದಮೊದಲು ಐದಕ್ಕೆ ಮಾಡಿದ್ರೆ ತಡ ಅಂತಿದ್ರಿ. ಅದಕ್ಕೇ ಹತ್ತು ನಿಮಿಷ ಮೊದಲೇ ಮಾಡ್ತಿದೀನಿ. ನಿಮ್ಮ ಗಡಿಯಾರ ಮುಂದಿದ್ಯಾ?” (ಮೌನ, 22.) “ಓಹೋ... ತಮ್ಮನಿಗೆ ಸ್ಕೂಲ್ ಬಸ್ ತಪ್ಪಬಾರದು ಅಂತ ಇಟ್ಟಿದ್ದಾ. ಈಗ ಎಷ್ಟು ವಯಸ್ಸು ಅವರಿಗೆ?” (ಮೌನ, 2.) “ಐವತ್ತೆರಡಾ!” ನಗು. “ಇನ್ನಾದ್ರೂ ಸರಿ ಮಾಡಬಾರದಾ ಅದನ್ನ?” (ಮೌನ, 5.)

ಬೆರಳುಗಳು ಕೀಲಿಮಣೆಯ ಮೇಲೆ ನಿಂತುಬಿಟ್ಟವು. ಆ ಐದು ಸೆಕೆಂಡಿನಲ್ಲಿ ಏನಿದೆ ಎಂದು ನನಗೆ ಗೊತ್ತು. “ಇರಲಿ ಬಿಡು, ಅಭ್ಯಾಸ ಆಗಿದೆ.” ನಾನು ಕೇಳಿದಾಗಲೆಲ್ಲ ಅಕ್ಕ ಹೇಳುವುದು ಅದೇ. ಹೊಲಿಗೆ ಮಿಷನ್ನಿನ ಮೇಲಿನ ಗೋಡೆ, ಹಳದಿ ಗಡಿಯಾರ, ಹತ್ತು ನಿಮಿಷ ಮುಂದೆ. ಆ ಮಿಷನ್ ತುಳಿದೇ ನನ್ನನ್ನು ಓದಿಸಿದ್ದು, ಮಂಡಿ ಹೋದದ್ದೂ ಅದರಿಂದಲೇ.

ಹೋಗಿ ಮುಖ ತೊಳೆದು ಬಂದೆ. ಉಳಿದದ್ದು ಕೇಳಿದೆ.

“ತಮ್ಮ ಫೋನ್ ಮಾಡಿದ್ರಾ?” (ಮೌನ, 4.) “ಕೆಲಸ ಜಾಸ್ತಿ ಇರುತ್ತೆ ಅಕ್ಕ, ಬೇಜಾರು ಮಾಡ್ಕೋಬೇಡಿ.”

ನನ್ನ ಪರವಾಗಿ ಕಳ್ಳ ಮಾತಾಡುತ್ತಿದ್ದಾನೆ. ಸಿಟ್ಟು ಬಂತು. ಅವನ ಮೇಲೋ, ನನ್ನ ಮೇಲೋ.

ಕೊನೆಗೆ — “ಶುಕ್ರವಾರ ಬ್ಯಾಂಕಿಗೆ ಹೋಗಿ ಎಲ್ಲಾ ನಾನು ಹೇಳೋ ಖಾತೆಗೆ ಹಾಕಿಬಿಡಿ. ಆಮೇಲೆ ನೀವು ನಿಶ್ಚಿಂತೆ.”

ಶುಕ್ರವಾರ ಅಂದರೆ ನಾಡಿದ್ದು.

ಮಾರ್ಚ್ 13

ಸೂಪರಿಂಟೆಂಡೆಂಟರಿಗೆ ಹೇಳಿದೆ. ಹಾಲಿನ ಪೊಲೀಸ್ ಮುಖ್ಯಸ್ಥರು. ಒಳ್ಳೆಯವರು, ಮಾತು ಕಡಿಮೆ.

“ಸ್ವಂತ ಅಕ್ಕನಾ?”

“ಹೌದು ಸರ್.”

“ಫೋನ್ ಮಾಡಿದ್ರಾ?”

“ಇಲ್ಲ.”

“ಮಾಡ್ಬೇಡಿ.”

19ನೇ ತಾರೀಖು ಅವನ ಗುಂಪಿನ ಮೇಲೆ ಒಂಬತ್ತು ಊರುಗಳಲ್ಲಿ ಒಂದೇ ಗಳಿಗೆಗೆ ದಾಳಿ. ಹೋದ ವರ್ಷ ಇಂಥದೇ ದಾಳಿಯಲ್ಲಿ ಒಂದು ಊರಿನ ಪೊಲೀಸರು ಎರಡು ಗಂಟೆ ಮೊದಲೇ ಬಾಗಿಲು ತಟ್ಟಿದರು, ಉಳಿದ ಕಡೆಯೆಲ್ಲ ಖಾಲಿ ಕುರ್ಚಿ ಸಿಕ್ಕಿತು. ಅಕ್ಕನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ನಾನು ಎಚ್ಚರಿಸಿದರೆ ಸಂಜೆ ಅವನಿಗೇ ಹೇಳುತ್ತಾಳೆ — ನನ್ನ ತಮ್ಮ ನಿನ್ನನ್ನು ಕಳ್ಳ ಅಂತಾನಪ್ಪ, ನೋಡು. ಪಟ್ಟಿಯಲ್ಲಿ ಅವಳಂಥವರು ಇನ್ನೂ ನಲವತ್ತು ಜನ.

“ಹಾಗಾದ್ರೆ ಶುಕ್ರವಾರ?” ಅಂದೆ.

ಬ್ಯಾಂಕ್ ಮೇಡಂ ಎದ್ದು ಬಂದರು. “19ರವರೆಗೂ ಕೌಂಟರಲ್ಲಿ ಸಿಸ್ಟಮ್ ಡೌನ್ ಅಂತ ಹೇಳಿಸ್ತೀನಿ. ದಿನಾ ಹೇಳೋದೇ ಅಲ್ವಾ, ಯಾರಿಗೂ ಅನುಮಾನ ಬರಲ್ಲ.”

ನನ್ನನ್ನು ಆ ಫೈಲಿನಿಂದ ತೆಗೆದರು. ಅದೂ ನಿಯಮವೇ.

ಮಾರ್ಚ್ 14

ಹೋಗಿದ್ದಳಂತೆ. ಎರಡು ಗಂಟೆ ಬೆಂಚಿನ ಮೇಲೆ ಕೂತು ವಾಪಸಾದಳಂತೆ. ಆ ಮಂಡಿ ಇಟ್ಟುಕೊಂಡು.

ಮಾರ್ಚ್ 16, ಭಾನುವಾರ, 4:50

ಈಗ ಅವನು ಅವಳ ಜೊತೆ ಮಾತಾಡುತ್ತಿದ್ದಾನೆ. ನನ್ನ ಮೊಬೈಲ್ ಮೇಜಿನ ಮೇಲೆ. ಎಷ್ಟೋ ಭಾನುವಾರ ಫೋನ್ ಮಾಡಬಹುದಿತ್ತು, ಮಾಡಲಿಲ್ಲ. ಇವತ್ತು ಮಾಡಬೇಕೆನಿಸಿದೆ, ಮಾಡುವ ಹಾಗಿಲ್ಲ.

ಮಾರ್ಚ್ 19

ಆಯಿತು. ಒಂಬತ್ತೂ ಕಡೆ. ದೊಡ್ಡ ಪರದೆಯ ಮೇಲೆ ಒಂದೊಂದೇ ಊರು ಹಸಿರಾಯಿತು. ಹಾಲ್ ತುಂಬ ಚಪ್ಪಾಳೆ. ನಾನೂ ತಟ್ಟಿದೆ.

ಮಧ್ಯಾಹ್ನ ಧ್ವನಿ ತಾಳೆ ನೋಡಲು ಕರೆದರು. ಬೇರೆ ಯಾರಿಗೂ ಅಷ್ಟು ಖಚಿತವಿರಲಿಲ್ಲ. ಹಿಡಿದವನಿಗೆ ಒಂದರಿಂದ ಹತ್ತು ಎಣಿಸಲು ಹೇಳಿದ್ದರು. ನಾಲ್ಕಕ್ಕೇ ಗುರುತು ಸಿಕ್ಕಿತು. ಹತ್ತರವರೆಗೂ ಕೇಳಿದೆ.

ಮಾರ್ಚ್ 20

ಅವನ ನೋಟ್‌ಬುಕ್ಕಿನ ಒಂದು ಪುಟವನ್ನು ಸೂಪರಿಂಟೆಂಡೆಂಟರು ತೋರಿಸಿದರು. ತೋರಿಸಲೋ ಬೇಡವೋ ಎಂದು ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು. ದುಂಡಗಿನ ಅಕ್ಷರ.

ಗಡಿಯಾರ 10 ನಿಮಿಷ ಮುಂದೆ. ಮಂಡಿ ನೋವು. ಟೀಗೆ ಸಕ್ಕರೆ ಬಿಟ್ಟಿದ್ದಾರೆ. ತಮ್ಮ ಇದ್ದಾನೆ — ಫೋನ್ ಮಾಡುವುದಿಲ್ಲ, ತೊಂದರೆಯಿಲ್ಲ.

ಅವಳು ಸಕ್ಕರೆ ಬಿಟ್ಟದ್ದು ನನಗೆ ಗೊತ್ತಿರಲಿಲ್ಲ.

“ಸ್ಟೇಷನ್ನಿನವರು ಹೋಗಿ ಹೇಳ್ತಾರೆ” ಅಂದರು. ನಾನೇ ಹೇಳುತ್ತೇನೆ ಅಂದೆ. ಶನಿವಾರದವರೆಗೆ ಸಮಯ ಕೊಟ್ಟಿದ್ದಾರೆ.

ಮಾರ್ಚ್ 22, ಶನಿವಾರ, 4:40

ಏನು ಹೇಳಬೇಕೆಂದು ಚೀಟಿಯಲ್ಲಿ ಬರೆದುಕೊಂಡಿದ್ದೇನೆ. ಮೊದಲು ಮಂಡಿ. ಆಮೇಲೆ ಸಕ್ಕರೆ. ಆಮೇಲೆ ಅವನ ವಿಷಯ.

ನೋಡಿದರೆ ಅವನ ಪುಟದ ಹಾಗೇ ಇದೆ. ಹರಿದು ಹಾಕಿದೆ.

5:15

ಸರಿಯಾಗಿ 4:50ಕ್ಕೆ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು. ಪಕ್ಕದಲ್ಲೇ ಕೂತಿದ್ದಳು ಅಂತ ಕಾಣುತ್ತದೆ.

“ಬಂತಪ್ಪಾ ಫೋನು. ಮೂರು ದಿನದಿಂದ ಎಲ್ಲಿ ಹೋಗಿದ್ದೆ? ಹುಷಾರಿಲ್ವಾ? ನಾನು ಏನೇನೋ ಅಂದ್ಕೊಂಡೆ. ಊಟ ಆಯ್ತಾ?”

ಎಷ್ಟು ಅಕ್ಕರೆ ಆ ದನಿಯಲ್ಲಿ. ಒಂದು ಕ್ಷಣ ನನಗೇ ಎಂದುಕೊಂಡೆ.

“ಆಯ್ತು ಅಕ್ಕ” ಅಂದೆ.

ಆ ಕಡೆ ಮೌನ. ಎಣಿಸುವ ಅಭ್ಯಾಸ... ಆರು ಸೆಕೆಂಡ್.

“ಯಾರು ಮಾತಾಡೋದು?”

“ನಾನು.”

“ನಾನು ಅಂದ್ರೆ ಯಾರಪ್ಪ?”