ನಾಲ್ಕು ಬೆರಳಷ್ಟು ತೆರೆದ ಕಿಟಕಿ

ಟೂಸಾನ್,
ಜೂನ್ 27

ಪ್ರೀತಿಯ ತೆಂಚಕ್ಕ,

ನೀನೂ ಮಕ್ಕಳೂ ಕ್ಷೇಮವೆಂದು ನಂಬಿದ್ದೇನೆ. ನೀನು ಕಳಿಸಿದ ಕಾಡಕ್ಕಿ ಮುಗಿಯುತ್ತ ಬಂತು. ನನ್ನ ಗಂಡ ಮಹಾರಾಯ ಎಫ್ರೇನ್ ಅದನ್ನು ಬೀನ್ಸ್ ಕಾಳಿನ ಜೊತೆ ಬೇಯಿಸಿ, ಮೇಲೆ ಒಣಮೆಣಸಿನಕಾಯಿ ಪುಡಿ ಸುರಿದು, "ಈಗ ತಿನ್ನೋ ಹಾಗಾಯ್ತು" ಎನ್ನುತ್ತಾನೆ. ನಿಮ್ಮ ಮಿನೆಸೋಟಾದವರಿಗೆ ಹೇಳಬೇಡ.

ನಿನ್ನ ಪತ್ರ ಏಪ್ರಿಲ್‌ನಲ್ಲೇ ಬಂತು. ತಡವಾದದ್ದಕ್ಕೆ ಕೂಲರ್ ಕಾಲ ಎಂಬ ನೆಪ ನನ್ನ ಬಳಿ ಇದೆ. ಏಪ್ರಿಲ್ ಬಂತೆಂದರೆ ಈ ಊರಿನ ಅರ್ಧ ಮಾಳಿಗೆಗಳನ್ನು ನಾನು ಹತ್ತಿ ಇಳಿಯಬೇಕು. ಮಾಳಿಗೆಯ ಮೇಲಿನ ಕೂಲರುಗಳಿಗೆ ಮರದೆಳೆಯ ಮೆತ್ತೆ ಬದಲಿಸುವುದು, ಪಂಪಿನ ಸುಣ್ಣ ಕೆರೆಯುವುದು, ಚಳಿಗೆ ಒಡೆದ ತಾಮ್ರದ ಪೈಪನ್ನು ಬೆಸೆಯುವುದು. ಆದರೆ ಅಪ್ಪ ಬದುಕಿದ್ದಾಗಲೂ ಕೂಲರ್ ಕಾಲ ಇತ್ತು, ಆಗಲೂ ನಾನು ನಿನಗೆ ಬರೆಯುತ್ತಿದ್ದೆ. ನಿಜವೆಂದರೆ ನಿನ್ನ ಪತ್ರದ ಕೊನೆಯ ಸಾಲಿಗೆ ಏನು ಉತ್ತರ ಬರೆಯಬೇಕೆಂದು ತೋಚಲಿಲ್ಲ.

ರಮೀರೋ ನಿನಗೆ ಫೋನ್ ಮಾಡಿದ್ದನೆಂದು ಬರೆದಿದ್ದೆ. ಎಲ್ಲಿದ್ದೇನೆಂದು ಹೇಳಲಿಲ್ಲ, "ಮನೇಲಿ ಇನ್ನೂ ಕೂಲರೇ ಇದೆಯಾ, ದೊಡ್ಡಮ್ಮ?" ಎಂದಷ್ಟೇ ಕೇಳಿದನೆಂದೆ. "ಮನೆ ಬಿಟ್ಟು ಹನ್ನೊಂದು ವರ್ಷ ಆಯ್ತು, ಅಪ್ಪ ಅಮ್ಮ ಹೇಗಿದ್ದಾರೆ ಅನ್ನಲ್ಲ, ಕೂಲರ್ ವಿಚಾರಿಸ್ತಾನಲ್ಲೇ ನಿನ್ನ ಮಗ! ಮತ್ತೆ ಕೇಳಿದರೆ ಏನು ಹೇಳಲಿ?" ಎಂದು ಬರೆದಿದ್ದೆ. ಹೇಳುತ್ತೇನೆ. ಅದಕ್ಕೆ ಮೊದಲು ಇಲ್ಲಿ ಏನಾಯಿತೆಂದು ನೀನು ಕೇಳಬೇಕು.

ಎಫ್ರೇನನ ಕೆಮ್ಮು ಹೋದ ಚಳಿಗಾಲದಲ್ಲಿ ಶುರುವಾಗಿದ್ದು ಹೋಗಲೇ ಇಲ್ಲ. ಇಷ್ಟು ವರ್ಷ ಮಾಳಿಗೆಗಳ ಮೇಲೆ ಒಣ ಮೆತ್ತೆ ಕಿತ್ತು ಅದರ ಧೂಳು ನುಂಗಿದವನ ಎದೆ ಹೇಗಿರಬೇಕೋ ಹಾಗಿದೆ ಎಂದರು ಡಾಕ್ಟರು. ಮನೆಯಲ್ಲಿ ಏನಿದೆ ಎಂದು ವಿಚಾರಿಸಿದರು. ಕೂಲರ್ ಎಂದೆ. "ಅದು ಹೊರಗಿನ ಧೂಳನ್ನೆಲ್ಲಾ ಒಳಗೆಳೆದು ಇವರ ಬಾಯಿಗೆ ಹಾಕ್ತಿದೆ. ಮಳೆಗಾಲದ ತೇವ ಸೇರಿಕೊಂಡರೆ ಇವರನ್ನು ನಾನು ಆಸ್ಪತ್ರೇಲೇ ಇಟ್ಕೊಬೇಕಾಗುತ್ತೆ. ಮಳೆ ಬರೋದ್ರೊಳಗೆ ಎ.ಸಿ. ಹಾಕಿಸಿ" ಎಂದರು. ಆಮೇಲೆ, "ನಿಮಗೆ ಯಾರಾದ್ರೂ ಕೆಲಸದವರು ಗೊತ್ತಿದ್ದಾರಾ?" ಎಂದು ಕೇಳಿದರು. ಎಫ್ರೇನ್ ನಗಲು ಹೋಗಿ ಕೆಮ್ಮಿದ.

ಈ ಬೀದಿಯಲ್ಲಿ ಕೂಲರ್ ಇಳಿಸಿ ಎ.ಸಿ. ಹಾಕಿದ ಮನೆಗಳಲ್ಲಿ ಹೆಚ್ಚಿನವು ನನ್ನ ಕೈಯವೇ. ನಮ್ಮದೊಂದು ಉಳಿದಿತ್ತು. ಎಫ್ರೇನ್ ಬಿಡುತ್ತಿರಲಿಲ್ಲ. ಪ್ರತಿ ವರ್ಷ ಒಂದು ಹೊಸ ಕಾರಣ ಕೊಡುತ್ತಿದ್ದ. ಮುಚ್ಚಿದ ಮನೆಯಲ್ಲಿ ಮನುಷ್ಯ ಜಾಡಿಯೊಳಗಿನ ಉಪ್ಪಿನಕಾಯಿಯಾಗುತ್ತಾನಂತೆ. ಪಕ್ಕದ ಮನೆಯ ಚಾಯೋ ಎ.ಸಿ. ಹಾಕಿಸಿದ ಮೇಲೆ ಜುಲೈನಲ್ಲಿ ಸ್ವೆಟರ್ ಹಾಕಿಕೊಂಡು ಬೇಲಿಯ ಹತ್ತಿರ ಬಂದಾಗ, "ನೋಡೇ, ದುಡ್ಡು ಕೊಟ್ಟು ನೆಗಡಿ ತರಿಸಿಕೊಂಡವಳು" ಎಂದಿದ್ದ. ಅವಳು ಬಿಡುತ್ತಾಳೆಯೇ? "ನೀನು ಒದ್ದೆ ಬಟ್ಟೆ ಹಾಗೆ ಮನೇಲಿ ಒಣಗ್ತಾ ಇರು, ಎಫ್ರೇನ್. ನಿನ್ನ ಹೆಂಡ್ತಿ ಒಂದಿನ ನನ್ನ ಮನೇಲೇ ಮಲಗೋಕೆ ಬರ್ತಾಳೆ" ಎಂದಳು.

ನಾನು ಅವನ ಹಟವನ್ನು ಹಳೆಯ ಕಾಲದ ಮೋಹವೆಂದೇ ತಿಳಿದಿದ್ದೆ. ಮೋಹ ನನಗೂ ಇದೆ, ಅಕ್ಕ. ಈ ಏಪ್ರಿಲ್‌ನಲ್ಲಿ ನಮ್ಮ ಕೂಲರಿಗೆ ಹೊಸ ಮೆತ್ತೆ ತುಂಬುವಾಗ ಅಪ್ಪನ ದನಿ ಕೇಳಿದಂತಾಯಿತು. ಅಪ್ಪ ಮಾಳಿಗೆಯ ಮೇಲಿನಿಂದ "ಬಿಡಿ ನೀರು!" ಎನ್ನುತ್ತಿದ್ದ. ನೀನು ಹಿತ್ತಲ ಗೋಡೆಯ ನಲ್ಲಿ ತಿರುಗಿಸಲು ಓಡುತ್ತಿದ್ದೆ. ನಾನು ಹಜಾರದಲ್ಲಿ ಗಾಳಿ ಬರುವ ಜಾಲರಿಯ ಕೆಳಗೆ ಬಾಯಿ ತೆರೆದು ನಿಂತಿರುತ್ತಿದ್ದೆ. ಮೊದಲು ಬಿಸಿ ಗಾಳಿ, ಆಮೇಲೆ ಹೋದ ವರ್ಷದ ಧೂಳು, ಆಮೇಲೆ ನೆನೆದ ಮರದ ಎಳೆಗಳ ಆ ವಾಸನೆ. "ಬಂತಾ?" ಎಂದು ಮೇಲಿನಿಂದ ಕೂಗು. "ಬಂತು!" "ಏನು ಬಂತು?" "ಬೇಸಿಗೆ ಬಂತು!" ನಮಗೆ ಬೇಸಿಗೆ ಎಂದರೆ ಬಿಸಿಲಲ್ಲ, ಆ ತಂಪು.

ಕಿಟಕಿಗಾಗಿ ನಾವು ಆಡಿದ ಜಗಳ ನೆನಪಿದೆಯೇ? ಕೂಲರ್ ಊದುವ ಗಾಳಿಗೆ ಹೊರಗೆ ಹೋಗಲು ದಾರಿ ಬೇಕು, ಯಾವ ಕೋಣೆಯ ಕಿಟಕಿ ತೆರೆದಿದೆಯೋ ಆ ಕೋಣೆಗೇ ಅದು ಹೋಗುತ್ತದೆ. ಅದಕ್ಕೇ ಪ್ರತಿ ಕಿಟಕಿಯೂ ನಾಲ್ಕು ಬೆರಳು ತೆರೆದಿರಬೇಕು, ಹೆಚ್ಚಲ್ಲ, ಕಡಿಮೆಯಲ್ಲ ಎಂಬುದು ಅಪ್ಪನ ಕಾನೂನು. ನೀನು ಕಳ್ಳತನದಲ್ಲಿ ನನ್ನ ಕಿಟಕಿ ಮುಚ್ಚಿ ನನ್ನ ಪಾಲಿನ ತಂಪನ್ನೂ ನಿನ್ನ ಕೋಣೆಗೆ ಎಳೆದುಕೊಳ್ಳುತ್ತಿದ್ದೆ. ನಾನು ಬೆವರಿನಲ್ಲಿ ತೊಯ್ದು ಎದ್ದು ದೂರು ಹೇಳಿದರೆ ಅಪ್ಪ, "ಕದ್ದಿರೋದು ಗಾಳಿ. ಪೊಲೀಸರಿಗೆ ಏನಂತ ಹೇಳೋಣ ಮಗಾ?" ಎನ್ನುತ್ತಿದ್ದ. ನಿನ್ನ ಕೋಣೆಯ ಕಿಟಕಿಯಿಂದ ನೀನು ಕುಣಿತದ ಮನೆಗಳಿಂದ ಚಪ್ಪಲಿ ಕೈಯಲ್ಲಿ ಹಿಡಿದು ನುಸುಳಿ ಬರುತ್ತಿದ್ದದ್ದೂ ಅವನಿಗೆ ಗೊತ್ತಿತ್ತು. ಈ ಊರಲ್ಲಿ ಯಾವ ಮಕ್ಕಳು ಬಾಗಿಲಿನಿಂದ ಬಂದಿದ್ದಾರೆ?

ರಮೀರೋ ಕೂಡ ಹಾಗೇ. ಅವನಿದ್ದದ್ದು ನಿನ್ನ ಹಳೆಯ ಕೋಣೆಯಲ್ಲಿ. ಆ ಕಿಟಕಿ ಪಕ್ಕಕ್ಕೆ ಸರಿಸಿದರೆ ಇಲಿ ಕಿರುಚಿದಂತೆ ಕಿರುಚುತ್ತಿತ್ತು. ಎಣ್ಣೆ ಹಾಕಲು ನಾನು ಹೋದರೆ ಎಫ್ರೇನ್ ತಡೆಯುತ್ತಿದ್ದ. "ಇರ್ಲಿ ಬಿಡೇ. ನಾಯಿ ಸಾಕೋ ಖರ್ಚಿಲ್ಲ. ಅದು ಕೂಗಿದಾಗ ಮಗ ಬಂದ ಅಂತ ತಿರುಗಿ ಮಲಗ್ತೀನಿ."

ಮಗ ಹೋದ ಮೇಲೆ ಎಫ್ರೇನ್ ಅವನ ಹೆಸರೆತ್ತಿಲ್ಲ. ನಾನು ಎತ್ತಿದರೆ ಎದ್ದು ಹಿತ್ತಲಿಗೆ ಹೋಗಿ, ಕೂಲರಿನ ನೀರು ತೊಟ್ಟಿಕ್ಕುವಲ್ಲಿ ಬೆಳೆದ ಅಮ್ಮನ ಪುದೀನಾ ಮಡಿಯ ಕಳೆ ಕೀಳುತ್ತಾನೆ. ಕಳೆ ಇಲ್ಲದಿದ್ದರೂ ಕೀಳುತ್ತಾನೆ.

ಜೂನ್ ಎರಡನೇ ವಾರ ನಮ್ಮ ತಗಡಿನ ಕೆಲಸದ ತಾಚೋ ಬಂದು ಮನೆ ಅಳೆದ. ಅವನು ನನ್ನನ್ನು ಇವತ್ತಿಗೂ ಯಜಮಾನ್ತಿ ಎಂದೇ ಛೇಡಿಸುವುದು. ಎಫ್ರೇನ್ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದ.

"ಎ.ಸಿ. ಬಂದ್ರೆ ಕಿಟಕಿ ಎಲ್ಲಾ ಮುಚ್ಚಬೇಕೇನೋ?" ಎಂದು ಕೇಳಿದ. ಅವನಿಗೆ ಗೊತ್ತಿಲ್ಲದ್ದೇ?

"ಎಲ್ಲಾ ಮುಚ್ಚಬೇಕು" ಎಂದ ತಾಚೋ.

"ಒಂದರಲ್ಲಿ ನಾಲ್ಕು ಬೆರಳು ಬಿಟ್ಟರೆ?"

"ನಾಲ್ಕು ಬೆರಳು ಬಿಡು, ಇರುವೆ ಹೋಗೋಷ್ಟೂ ಇಲ್ಲ. ತಂಪೆಲ್ಲ ಬೀದಿಗೆ ಹೋಗುತ್ತೆ, ಧೂಳೆಲ್ಲ ನಿನ್ನ ಎದೆಗೆ ಬರುತ್ತೆ."

"ಹಾಗಾದ್ರೆ ಬೇಡ."

"ಲೋ ಮುದುಕ, ಸಾಯ್ತೀಯ ಕಣೋ!"

"ಗಾಳಿ ಆಡೋ ಮನೇಲಿ ಸಾಯ್ತೀನಿ."

ನಾನು ಸಿಟ್ಟಿನಿಂದ ಹೊರಗೆ ಹೋಗಿ ಟ್ರಕ್ಕಿನಲ್ಲಿ ಕೂತೆ. ಜೂನ್ 24ರ ಸಂತ ಹುವಾನನ ಹಬ್ಬದ ದಿನಕ್ಕೆ ಎರಡು ವಾರ ಉಳಿದಿತ್ತು. ಆ ದಿನ ಮೆರವಣಿಗೆ ಮುಗಿದ ಮೇಲೆ ಮಳೆ ಯಾವಾಗ ಬಂದರೂ ಬಂದೀತು. ಮಳೆ ಬಂದರೆ ಕೂಲರ್ ಬರಿಯ ತೇವ ಊದುತ್ತದೆ. ಆ ತೇವದಲ್ಲಿ ಎಫ್ರೇನ್ ಉಸಿರಿಗಾಗಿ ಒದ್ದಾಡುವುದನ್ನು ಹೋದ ವರ್ಷವೇ ನೋಡಿದ್ದೆ, ಆಗಿನ್ನೂ ಎದೆ ಇಷ್ಟು ಕೆಟ್ಟಿರಲಿಲ್ಲ. ನನ್ನ ಗಂಡನನ್ನು ಒಂದು ಹಳೆಯ ತಗಡಿನ ಪೆಟ್ಟಿಗೆಗೆ ಬಿಟ್ಟುಕೊಡಲಾರೆ ಎಂದು ನಿಶ್ಚಯಿಸಿದೆ. ಅವನ ಒಪ್ಪಿಗೆ ಇರಲಿ, ಇಲ್ಲದಿರಲಿ.

ಮರುದಿನ ಬೆಳಿಗ್ಗೆ ಅವನು ಪಿಂಚಣಿಯ ಕಚೇರಿಗೆ ಹೋದಾಗ ಕಿಟಕಿಗಳ ಅಂಚಿಗೆ ಗಾಳಿ ತಡೆಯುವ ಪಟ್ಟಿ ಅಂಟಿಸಲು ಶುರುಮಾಡಿದೆ. ಹಜಾರದ್ದು, ಅಡುಗೆಮನೆಯದು, ನಮ್ಮ ಕೋಣೆಯದು. ಎಲ್ಲದರ ಹಳಿಯಲ್ಲೂ ಮರಳು ತುಂಬಿ, ಗುದ್ದಿ ಗುದ್ದಿ ಸರಿಸಬೇಕಾಯಿತು. ಕೊನೆಗೆ ರಮೀರೋನ ಕೋಣೆಗೆ ಹೋದೆ. ಅಲ್ಲಿಗೆ ನಾನು ಹೋಗುವುದು ಕಡಿಮೆ. ಕಿಟಕಿ ನಾಲ್ಕು ಬೆರಳು ತೆರೆದಿತ್ತು. ಕಿರುಚುತ್ತದೆಂದು ಹಲ್ಲು ಕಚ್ಚಿಕೊಂಡು ತಳ್ಳಿದೆ.

ಅದು ಸದ್ದೇ ಇಲ್ಲದೆ ಜಾರಿತು. ಬೆರಳ ತುದಿಗೇ ಜಾರಿತು.

ಹಳಿಯಲ್ಲಿ ಒಂದು ಕಣ ಮರಳಿರಲಿಲ್ಲ. ಬೆರಳಿಟ್ಟು ನೋಡಿದೆ, ಮೇಣ. ಮೇಲುಪದರ ಹೊಸದು, ಅದರ ಕೆಳಗೆ ಹಳದಿಗಟ್ಟಿದ ಹಳೆಯ ಪದರಗಳು, ವರ್ಷಗಳಿಂದ ತಿಕ್ಕುತ್ತ ಬಂದದ್ದು. ಕಿಟಕಿಯ ಕಟ್ಟೆಯ ಮೂಲೆಯಲ್ಲಿ ಇಗರ್ಜಿಯ ದೀಪದ ಮೋಟು ಮೇಣದಬತ್ತಿಯೊಂದು ಇತ್ತು, ಒಂದು ಪಕ್ಕ ಸವೆದು ಚಪ್ಪಟೆಯಾಗಿತ್ತು. ಚಿಲಕವಿದ್ದ ಜಾಗದಲ್ಲಿ ಚಿಲಕವಿರಲಿಲ್ಲ, ಎರಡು ತಿರುಪಿನ ತೂತು ಮಾತ್ರ ಇದ್ದವು.

ನಾನು ತಿಕ್ಕಿದ್ದಲ್ಲ, ಈ ಮನೆಯಲ್ಲಿ ಇರುವವರು ನಾವಿಬ್ಬರೇ. ಕಿಟಕಿಯನ್ನು ಮತ್ತೆ ನಾಲ್ಕು ಬೆರಳು ತೆರೆದು, ತಾಚೋಗೆ ಫೋನ್ ಮಾಡಿದೆ. ಮನೆಯೆಲ್ಲಕ್ಕೂ ಎ.ಸಿ. ಇರಲಿ, ಈ ಕೋಣೆಗೆ ಹೋಗುವ ಗಾಳಿಯ ಕೊಳವೆಯನ್ನು ಮಾತ್ರ ಮೇಲೆಯೇ ತಗಡು ಹೊಡೆದು ಮುಚ್ಚು, ಬಾಗಿಲಿಗೆ ಸುತ್ತಲೂ ರಬ್ಬರು ಹಾಕೋಣ, ನಡುಗೋಡೆಗೆ ಶಾಖ ತಡೆಯುವ ಹಲಗೆ ಬಡಿಯೋಣ ಎಂದೆ.

"ಯಜಮಾನ್ತಿ, ಮನೆಗೆ ಎ.ಸಿ. ಹಾಕಿ ಒಂದು ಕೋಣೆನ ಬಿಸಿಲಿಗೆ ಬಿಡ್ತಾರಾ? ಬಿಸಿಲು ತಲೆಗೇರಿದೆಯಾ?" ಎಂದ.

"ಏರಿದೆ. ತಗಡು ತಗೊಂಡು ಬಾ."

ಅವನು ಬಂದು ಕೋಣೆಯನ್ನೂ ಕಿಟಕಿಯನ್ನೂ ನೋಡಿದ. ತಮಾಷೆ ನಿಲ್ಲಿಸಿದ. "ಯಾರಾದ್ರೂ ಕೇಳಿದ್ರೆ ಈ ಕೆಲಸ ಮಾಡಿದ್ದು ನಾನಲ್ಲ" ಎಂದು ಮೆಲ್ಲಗೆ ಹೇಳಿ ಏಣಿ ಹತ್ತಿದ.

ಸಂತ ಹುವಾನನ ದಿನದ ಹಿಂದಿನ ಮಧ್ಯಾಹ್ನ ಯಂತ್ರ ಓಡಿತು. ಎಫ್ರೇನ್ ಅಷ್ಟೂ ದಿನ ನನ್ನೊಡನೆ ಮಾತು ಬಿಟ್ಟಿದ್ದ. ಒಂದೊಂದೇ ಕೋಣೆಗೆ ಹೋಗಿ, ಮುಚ್ಚಿದ ಕಿಟಕಿಗಳನ್ನು ನೋಡಿ, ಜಾಲರಿಗೆ ಅಂಗೈ ಒಡ್ಡಿ, "ಹೂಂ" ಎನ್ನುತ್ತ ನಡೆದ. ಕೊನೆಯ ಕೋಣೆಯ ಬಾಗಿಲು ತೆರೆದ. ಒಳಗಿನ ಬಿಸಿ ಹಜಾರದವರೆಗೆ ಬಂತು. ಅಲ್ಲಿಯೂ ಜಾಲರಿಗೆ ಅಂಗೈ ಒಡ್ಡಿದ. ಗಾಳಿ ಇರಲಿಲ್ಲ. ತಿರುಗಿ ಕಿಟಕಿ ನೋಡಿದ. ತನ್ನ ನಾಲ್ಕು ಬೆರಳನ್ನು ಆ ಸಂದಿಯಲ್ಲಿಟ್ಟು ಅಳೆದ. ನನ್ನ ಕಡೆ ತಿರುಗಲಿಲ್ಲ.

"ಬಾಗಿಲ ಕೆಳಗೆ ಇನ್ನೊಂದು ಪಟ್ಟಿ ಹಾಕು" ಎಂದ. "ಧೂಳು ಬರುತ್ತೆ."

"ಹಾಕ್ತೀನಿ."

"ಕೆಲಸ ಚೆನ್ನಾಗಿದೆ" ಎಂದ ಆಮೇಲೆ. ನಲವತ್ತು ವರ್ಷದಲ್ಲಿ ನನ್ನ ಕೆಲಸಕ್ಕೆ ಅವನು ಹೀಗೆಂದದ್ದು ನೆನಪಿಲ್ಲ.

ನಿನ್ನೆ ಮಳೆ ಬಂತು. ಗುಡ್ಡದ ಕಡೆಯಿಂದ ಆ ಮಣ್ಣು ಮತ್ತು ಮರುಭೂಮಿಯ ಕ್ರಿಯೊಸೋಟ್ ಪೊದೆಯ ವಾಸನೆ. ನೀನಿದ್ದಿದ್ದರೆ ಬರಿಗಾಲಲ್ಲಿ ಬೀದಿಗೆ ಓಡುತ್ತಿದ್ದೆ. ಮುಚ್ಚಿದ ಮನೆಯೊಳಕ್ಕೆ ಆ ವಾಸನೆ ಬರುವುದಿಲ್ಲ, ಅದೊಂದು ನಷ್ಟ. ಎಫ್ರೇನ್ ತುಂಬ ದಿನಗಳ ನಂತರ ಕೆಮ್ಮದೆ ಮಲಗಿದ. ಪುದೀನಾಕ್ಕೆ ಈಗ ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನ ಪೈಪು ತಿರುಗಿಸಿದ್ದೇನೆ. ಅಮ್ಮನ ಗಿಡ ಬಾಯಾರುವುದಿಲ್ಲ, ಚಿಂತೆ ಬೇಡ.

ನಿನ್ನ ಮೊಣಕಾಲಿಗೆ ಎಣ್ಣೆ ತಿಕ್ಕುವುದು ಮರೆಯಬೇಡ. ಮಕ್ಕಳಿಗೆ ನನ್ನ ಮುತ್ತುಗಳು. ದೇವಮಾತೆ ನಿಮ್ಮ ಮನೆಯನ್ನು ಕಾಯಲಿ, ಅಲ್ಲಿಯ ಹಿಮದಲ್ಲೂ ನಿಮಗೆ ಬೆಚ್ಚಗಿರಲಿ.

ನಿನ್ನ
ಎಲ್ವಿರಾ

ಮತ್ತೆ: ರಮೀರೋ ಕೂಲರ್ ಬಗ್ಗೆ ಏಕೆ ಕೇಳಿದನೆಂದು ನಿನಗೆ ತಿಳಿಯಲಿಲ್ಲ. ತಿಳಿಯುವ ಹಾಗಿರಲಿಲ್ಲ, ನಾನೂ ಎಫ್ರೇನನೂ ಯಾರಿಗೂ ಹೇಳಿಲ್ಲ. ಅವನು ಹೋದ ಆ ಜೂನ್‌ನಲ್ಲಿ ನಿನ್ನ ಆಪರೇಷನ್ನಿಗೆಂದು ನಾನು ನಿನ್ನ ಮನೆಯಲ್ಲಿದ್ದೆ. ಇಲ್ಲಿ ಮಾಳಿಗೆಯ ಮೇಲೆ ಎಫ್ರೇನನಿಗೂ ಮಗನಿಗೂ ಸರಿಯಾಗಿ ಬಿಗಿಯದ ಒಂದು ನಟ್ಟಿನ ವಿಷಯಕ್ಕೆ ಮಾತು ಬೆಳೆದಿತ್ತು. ರಮೀರೋ ಗೆಳೆಯರ ಜೊತೆ ಹೋದವನು ಬೆಳಗಿನ ಜಾವ ಬಂದಾಗ ಅವನ ಕಿಟಕಿಗೆ ಒಳಗಿನಿಂದ ಚಿಲಕ ಬಿದ್ದಿತ್ತು. ಕೂಲರ್ ಓಡುವ ಮನೆಯಲ್ಲಿ, ಜೂನ್ ತಿಂಗಳಲ್ಲಿ, ಯಾರೂ ಮರೆತು ಕಿಟಕಿಗೆ ಚಿಲಕ ಹಾಕುವುದಿಲ್ಲ, ತೆಂಚಾ. ಬೇಕೆಂದೇ ಹಾಕಬೇಕು. ಈ ಮನೆಯಲ್ಲಿ ಬೆಳೆದವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನು ಬಾಗಿಲು ತಟ್ಟಲಿಲ್ಲ. ನಾನು ಬಂದಾಗ ಎಫ್ರೇನ್, "ಒಂದು ದಿನಕ್ಕೆ ಅಂತ ಹಾಕಿದ್ದೆ" ಎಂದ. ಅದೇ ಕೊನೆ, ಮತ್ತೆ ಆ ಮಾತಾಡಿಲ್ಲ. ಕೂಲರ್ ಇದೆಯಾ ಎಂದರೆ ಕಿಟಕಿ ತೆರೆದಿದೆಯಾ ಎಂದೇ ಅರ್ಥ.

ಅವನು ಮತ್ತೆ ಫೋನ್ ಮಾಡಿದರೆ ಅಪ್ಪನ ಎದೆಯ ವಿಷಯ ಹೇಳಬೇಡ. ಅದಕ್ಕಾಗಿ ಬರುವುದು ಬೇಡ. ಕೂಲರ್ ತೆಗೆದಿದ್ದಾರೆ, ಎಲ್ಲ ಕಿಟಕಿಗಳನ್ನೂ ಮುಚ್ಚಿದ್ದಾರೆ, ನಿನ್ನದೊಂದನ್ನು ಬಿಟ್ಟು, ಎಂದು ಹೇಳು. ಅದು ಈಗ ಕಿರುಚುವುದಿಲ್ಲ ಎಂದೂ ಹೇಳು. ಯಾರು ಸರಿಮಾಡಿದರು ಎಂದು ಕೇಳಿದರೆ, ಹೆಸರು ಹೇಳು.